ಒಂಬತ್ತೂವರೆ ಮೂಟೆ

ಸಣ್ಣರಂಗಯ್ಯನಿಗೆ ಐವತ್ತೆರಡು ವರ್ಷ. ಮೀಸೆ ನರೆತಿದೆ, ಎಡ ಮೊಣಕಾಲು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಇಂಥ ವಯಸ್ಸಿನ ಗಂಡಸು ಇಪ್ಪತ್ತರ ಹುಡುಗಿಯೊಬ್ಬಳನ್ನು, ಅದೂ ಸ್ವಂತ ಅಕ್ಕನ ಮಗಳನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಾನೆ ಅಂದರೆ ಯಾರೂ ನಂಬುವುದಿಲ್ಲ. ಅವನೇ ಒಪ್ಪುವುದಿಲ್ಲ. ಗ್ಯಾಸ್ಟ್ರಿಕ್ಕು ಅನ್ನುತ್ತಾನೆ. ಆದರೆ ರಕ್ಷಾಳ ಕಾಲೇಜಿಗೆ ರಜೆ ಬಂದಾಗ ಗ್ಯಾಸ್ಟ್ರಿಕ್ಕು ಜಾಸ್ತಿಯಾಗುತ್ತದೆ, ಅವಳು ತನ್ನೂರಿಗೆ ಹೋದ ದಿನ ಮಾತ್ರೆ ನುಂಗದೆಯೇ ವಾಸಿಯಾಗುತ್ತದೆ. ಹೆಂಡತಿ ನರಸಮ್ಮ ಇದನ್ನು ಗಮನಿಸಿ ಮೂರು ವರ್ಷವಾಯಿತು.

ಈ ಉರಿ ಹತ್ತಿಕೊಂಡದ್ದು ಅವನ ಅಪ್ಪನ ಕಣ್ಣಿನಿಂದ. ಮಧುಗಿರಿಯಿಂದ ಸಿರಾ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ದಾಸರಹಟ್ಟಿ ಎಂಬ ಊರು. ಅಲ್ಲಿನ ಮೂಡಲಗಿರಿಯಪ್ಪ ಅಂದರೆ ನಾಲ್ಕು ತಾಲ್ಲೂಕಿನಲ್ಲೂ ಹುಣಸೆ ಮರದವರಿಗೆ ಗೊತ್ತು. ಹುಣಸೆ ಮರಗಳನ್ನು ಕಾಯಿ ಇನ್ನೂ ಕೊಂಬೆಯಲ್ಲಿರುವಾಗಲೇ ಗುತ್ತಿಗೆಗೆ ಕೊಡುವುದು ಈ ಕಡೆಯ ರೂಢಿ. ಮರದ ಯಜಮಾನ ಇಪ್ಪತ್ತು ಮೂಟೆ ಅನ್ನುತ್ತಾನೆ, ಗುತ್ತಿಗೆ ಹಿಡಿಯುವವನು ಹತ್ತು ಅನ್ನುತ್ತಾನೆ. ಆಗ ಇಬ್ಬರೂ ಒಪ್ಪುವ ಮೂರನೆಯವನೊಬ್ಬ ಬಂದು ಮರ ನೋಡಿ, ಇಂತಿಷ್ಟು ಮೂಟೆ ಎಂದು ಹೇಳಬೇಕು. ಐವತ್ತು ವರ್ಷ ಹಾಗೆ ಹೇಳಿದವನು ಮೂಡಲಗಿರಿಯಪ್ಪ. ಬೆಳಗ್ಗೆ ಹೋಗಿ ಮರವನ್ನೊಂದು ಸುತ್ತು ಹಾಕಿ, ಬೀಡಿ ಕಚ್ಚಿ, ಒಂದು ಸಂಖ್ಯೆ ಹೇಳುತ್ತಿದ್ದ. ಎರಡು ತಿಂಗಳಾದ ಮೇಲೆ ಕಾಯಿ ಬಡಿದು ತೂಗಿದರೆ ಅರ್ಧ ಮೂಟೆಯ ಮೇಲೆ ಹೆಚ್ಚುಕಮ್ಮಿ ಬರುತ್ತಿರಲಿಲ್ಲ.

ಅದು ಕಲಿತ ವಿದ್ಯೆಯಲ್ಲ, ರಕ್ತದಲ್ಲಿ ಬಂದದ್ದು ಎನ್ನುವುದು ಅವನ ನಂಬಿಕೆ. ಅವನಪ್ಪನಿಗಿತ್ತು, ತಾತನಿಗಿತ್ತು. ಮನೆಯ ಮಕ್ಕಳಲ್ಲಿ ಯಾರಿಗೆ ಬಂದಿದೆ ಎಂದು ನೋಡಲು ಒಂದು ಪದ್ಧತಿಯೂ ಇತ್ತು. ಮಗುವಿಗೆ ಎಂಟು ತುಂಬಿದ ವರ್ಷ, ಸಂಕ್ರಾಂತಿಯ ಮಾರನೆ ದಿನ, ಹೊಲದ ಬದುವಿನ ದೊಡ್ಡ ಹುಣಸೆ ಮರದ ಕೆಳಗೆ ನಿಲ್ಲಿಸಿ "ಎಷ್ಟು ಮೂಟೆ?" ಎಂದು ಕೇಳುವುದು. ಒಂದೇ ಸಲ. ಸರಿಯಾಗಿ ಹೇಳಿದರೆ ಕಣ್ಣಿದೆ, ತಪ್ಪಿದರೆ ಇಲ್ಲ. ಕಣ್ಣಿಲ್ಲದವರ ಮುಂದೆ ಮರ ನೋಡುವಂತಿಲ್ಲ, ನೋಡುವಾಗ ಅವರು ಹತ್ತಿರ ನಿಲ್ಲುವಂತಿಲ್ಲ, ದೃಷ್ಟಿ ಕೆಡುತ್ತದೆ.

ಅಕ್ಕ ಹನುಮಕ್ಕ ಎಂಟು ಅಂದಿದ್ದಳು, ಮರ ಒಂಬತ್ತು ಬಿಟ್ಟಿತು. ಪರವಾಗಿಲ್ಲ, ಹುಡುಗಿಯಲ್ಲಿ ರಕ್ತ ಇದೆ ಅಂದರು. ಮೂರು ವರ್ಷದ ನಂತರ ಸಣ್ಣರಂಗಯ್ಯನ ಸರದಿ. ಹೊಸ ಚಡ್ಡಿ, ಬಾಯಲ್ಲಿ ಎಳ್ಳುಬೆಲ್ಲ. ಸುತ್ತ ಊರಿನ ಹತ್ತು ಜನ. ಆಗತಾನೇ ಶಾಲೆಯಲ್ಲಿ ನೂರರ ತನಕ ಎಣಿಸುವುದನ್ನು ಕಲಿತಿದ್ದ ಹುಡುಗ ಅಪ್ಪನಿಗೆ ಖುಷಿಯಾಗಲೆಂದು ತನಗೆ ಗೊತ್ತಿದ್ದ ಅತಿ ದೊಡ್ಡ ಸಂಖ್ಯೆಯನ್ನು ಹೇಳಿಬಿಟ್ಟ. "ನೂರು ಮೂಟೆ." ಹತ್ತು ಜನವೂ ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. "ಇವನಿಗೆ ಬಂದಿಲ್ಲ ಬುಡು" ಎಂದು ಹೆಂಡತಿಗೆ ಹೇಳಿ ಮನೆ ಕಡೆ ನಡೆದ.

ಅಷ್ಟೇ. ಅಂದಿನಿಂದ ಸಣ್ಣರಂಗಯ್ಯನ ಪಾಲಿಗೆ ಬಂದದ್ದು ಮೂಟೆ, ದಾರ, ದಬ್ಬಳ. ಅಪ್ಪ ಮರ ನೋಡಲು ಹೊರಟ ಬೆಳಗಿನ ಹೊತ್ತಿಗೆ ಇವನನ್ನು ಮೊದಲೇ ನೋಡಿಟ್ಟ ಮರಗಳ ಕಾಯಿ ಬಡಿಯುವ ಆಳುಗಳನ್ನು ಕರೆಯಲು ಅಟ್ಟುತ್ತಿದ್ದ. ಇವನು ಆಳುಗಳನ್ನು ಕಟ್ಟಿಕೊಂಡು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು, ಅಪ್ಪ ಸಂಖ್ಯೆ ಹೇಳಿ ಮುಗಿಸಿರುತ್ತಿದ್ದ. ಗುತ್ತಿಗೆ ಹಿಡಿದವರ ಪರವಾಗಿ ಬಡಿಸುವುದು, ಆರಿಸುವುದು, ತುಂಬಿಸುವುದು, ತೂಗಿಸುವುದು ಎಲ್ಲ ಇವನದೇ. ನಲವತ್ತನಾಲ್ಕು ವರ್ಷ ಅಪ್ಪನ ಮಾತನ್ನು ತೂಕದಲ್ಲಿ ನಿಜ ಮಾಡಿ ತೋರಿಸಿದವನು ಇವನು. ಊರಿನವರು ಹೊಗಳಿದ್ದು ಅಪ್ಪನನ್ನು. ಆಗಲೂ ಹೊಟ್ಟೆ ಉರಿಯುತ್ತಿತ್ತು. ಆದರೆ ಅಪ್ಪನ ಮೇಲೆ ಉರಿದುಕೊಳ್ಳಲು ಆಗುತ್ತದೆಯೇ, ರಕ್ತದ ಮೇಲೆ ಉರಿದುಕೊಂಡ. ತನ್ನ ಮೈಯಲ್ಲಿ ಅದೊಂದು ಹನಿ ಕಮ್ಮಿ ಬಿದ್ದಿದೆ ಎಂದು ತಿಳಿದು ಹಲ್ಲು ಕಚ್ಚಿಕೊಂಡು ದುಡಿದ.

ಮಗ ಚೇತನ್ ಕುಮಾರನಿಗೆ ಎಂಟಾದಾಗ ಮತ್ತೆ ಆಸೆ ಹುಟ್ಟಿತು. ತಾತನ ರಕ್ತ ಮೊಮ್ಮಗನಿಗಾದರೂ ಇಳಿದಿರಬಹುದು ಎಂದು ಉಸಿರು ಬಿಗಿಹಿಡಿದು ನಿಂತ. ಚೇತನ್ "ಮೂರು" ಅಂದ. ಮರ ಹತ್ತು ಬಿಟ್ಟಿತು. ಹುಡುಗ ಮನೆಗೆ ಬಂದು ಕಣಜದ ಸಂದಿಯಲ್ಲಿ ಕೂತು ಅತ್ತದ್ದನ್ನು ಸಣ್ಣರಂಗಯ್ಯ ಮರೆಯಲಿಲ್ಲ. ಚೇತನ್ ಈಗ ಪಾವಗಡದಲ್ಲಿ ಸೋಲಾರ್ ಪ್ಲಾಂಟಿನ ಕೆಲಸಕ್ಕೆ ಹೋಗುತ್ತಾನೆ, ಮರದ ಮಾತೆತ್ತುವುದಿಲ್ಲ.

ಇನ್ನು ರಕ್ಷಾ. ಇಲ್ಲೊಂದು ಸಂಗತಿ ಇದೆ. ಇಡೀ ಮನೆಯಲ್ಲಿ ಮುದುಕನಿಗೊಬ್ಬನಿಗೆ ಗೊತ್ತಿಲ್ಲದ್ದು ಅಂದರೂ ಸರಿಯೇ.

ಹನುಮಕ್ಕನನ್ನು ಆಂಧ್ರದ ಗಡಿಗೆ ಹೊಂದಿದ ಪಾವಗಡ ತಾಲ್ಲೂಕಿನ ನಿಡುಗಲ್ಲಿಗೆ, ಪೆದ್ದಣ್ಣ ಎಂಬವನಿಗೆ ಕೊಟ್ಟಿತ್ತು. ಹನ್ನೊಂದು ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ಗಂಡ ಹೆಂಡತಿ ತುಮಕೂರಿನ ದತ್ತು ಕೇಂದ್ರಕ್ಕೆ ಅರ್ಜಿ ಹಾಕಿ ನಾಲ್ಕು ತಿಂಗಳ ಹೆಣ್ಣು ಕೂಸೊಂದನ್ನು ತಂದರು. ಜೊತೆಗೆ ಹೋಗಿ, ವಾಪಸು ಬರುವಾಗ ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದವನು ಸಣ್ಣರಂಗಯ್ಯ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು, ನಿಜ. ಆದರೆ ಅವ್ವ ತೀರಿಕೊಂಡಿದ್ದಳು. ಅದೇ ನೆಪವಾಗಿ, ಹೆರಿಗೆ ಆಂಧ್ರದ ಕಡೆ ಆಸ್ಪತ್ರೆಯಲ್ಲಾಯಿತು ಎಂದು ಅಪ್ಪನಿಗೆ ಹೇಳಿ ನಂಬಿಸಿದರು. ರಕ್ತ ರಕ್ತ ಎಂದು ಮೂರು ಹೊತ್ತು ಜಪಿಸುವ ಮುದುಕನಿಗೆ ನಿಜ ಹೇಳುವ ಧೈರ್ಯ ಹನುಮಕ್ಕನಿಗಿರಲಿಲ್ಲ. ರಕ್ಷಾ ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅವಳಿಗೆ ತಾಯಿಯೇ ಕೂರಿಸಿಕೊಂಡು ಹೇಳಿದಳು. ನರಸಮ್ಮ ಯಾವತ್ತೋ ಊಹಿಸಿದ್ದಳು.

ರಕ್ಷಾಳಿಗೆ ಎಂಟಾದ ವರ್ಷ ಮುದುಕ ಹೇಳಿ ಕಳಿಸಿ ಕರೆಸಿಕೊಂಡ. ಮಗಳಲ್ಲಿ ಇದ್ದದ್ದು ಮೊಮ್ಮಗಳಿಗೆ ಬಂದೇ ಬರುತ್ತದೆ ಎಂಬ ಹಟ. ಹಿಂದಿನ ಸಂಜೆ ಊಟಕ್ಕೆ ಕೂತಾಗ "ಈ ವರ್ಷ ಒಂಬತ್ತೂವರೆ ಐತೆ ಕಣಮ್ಮ" ಎಂದು ನರಸಮ್ಮನ ಹತ್ತಿರ ಅಂದಿದ್ದು ಸಣ್ಣರಂಗಯ್ಯನ ಕಿವಿಗೆ ಬಿದ್ದಿತ್ತು. ಬೆಳಗ್ಗೆ ಎರಡು ಜಡೆ ಹಾಕಿಕೊಂಡು, ತೆಲುಗು ಬೆರೆತ ಕನ್ನಡದಲ್ಲಿ ವಟಗುಟ್ಟುತ್ತ ಹೊಲಕ್ಕೆ ಹೊರಟ ಕೂಸನ್ನು ನೋಡಿ ಅವನೂ ಹಿಂದೆಯೇ ಹೆಜ್ಜೆ ಹಾಕಿದ. ಚೇತನ್ ಅತ್ತದ್ದು ಕಣ್ಣಮುಂದೆ ಬಂತು. ಬದು ದಾಟಿಸುವ ನೆಪದಲ್ಲಿ ಅವಳನ್ನೆತ್ತಿಕೊಂಡು ಕಿವಿಯಲ್ಲಿ ಹೇಳಿದ. "ತಾತ ಕೇಳಿದ್ರೆ ಒಂಬತ್ತೂವರೆ ಅನ್ನು."

ಅವಳು ಅಂದಳು. ಎಂಟು ವರ್ಷದ ಮಗು ಅರ್ಧ ಮೂಟೆಯ ಲೆಕ್ಕ ಸಮೇತ ಹೇಳಿದ್ದಕ್ಕೆ ಮುದುಕ ಕೂತಲ್ಲೇ ಕೈಮುಗಿದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದ. ಸಣ್ಣರಂಗಯ್ಯ ಜನರ ಹಿಂದೆ ನಿಂತು ನೋಡಿದ. ಅಪ್ಪನ ಹೆಗಲು ಅಷ್ಟು ಎತ್ತರವಿದೆಯೆಂದು ಅವನಿಗೆ ಗೊತ್ತಾದದ್ದೇ ಅವತ್ತು, ಯಾಕೆಂದರೆ ಅದರ ಮೇಲೆ ಅವನು ಕೂತಿರಲಿಲ್ಲ. ಸ್ವಂತ ಮಗನಿಗೆ ಹೇಳಿಕೊಡದ ಉತ್ತರವನ್ನು ಯಾರದೋ ಕೂಸಿಗೆ ಯಾಕೆ ಹೇಳಿಕೊಟ್ಟೆ ಎಂದು ಆವತ್ತೇ ಪಶ್ಚಾತ್ತಾಪ ಶುರುವಾಯಿತು.

ಆಮೇಲೆ ಪ್ರತಿ ರಜೆಯಲ್ಲೂ ತಾತ ಮೊಮ್ಮಗಳ ಸವಾರಿ. ಪಿಯುಸಿ ಮುಗಿಸಿ ಮಧುಗಿರಿಯಲ್ಲಿ ಬಿಎಸ್ಸಿಗೆ ಸೇರಿ ಅವಳು ಮಾವನ ಮನೆಯಲ್ಲೇ ಉಳಿದುಕೊಂಡ ಮೇಲಂತೂ ಕೇಳುವುದೇ ಬೇಡ. ಅವಳು ಯಾಕೆ, ಏನು, ಹೆಂಗೆ ಎಂದು ಕೇಳುತ್ತಿದ್ದಳು, ಮುದುಕ ಬೇಸರವಿಲ್ಲದೆ ಹೇಳುತ್ತಿದ್ದ. ರಕ್ತದಲ್ಲಿದ್ದದ್ದನ್ನು ನೆನಪು ಮಾಡಿಕೊಡುತ್ತಿದ್ದೇನೆ ಅಷ್ಟೇ ಅನ್ನುವುದು ಅವನ ಲೆಕ್ಕ. ಮೂರು ವರ್ಷದಲ್ಲಿ ಅವಳು ಹೇಳಿದ್ದು ಮುದುಕ ಹೇಳಿದಷ್ಟೇ ಸರಿಯಾಗಿ ತೂಗತೊಡಗಿತು.

ಸಣ್ಣರಂಗಯ್ಯ ಸುಮ್ಮನಿರಲಿಲ್ಲ. ಮುದುಕ ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿದರೆ ಇವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಅವಳು ಒಂದು ಮರಕ್ಕೆ ಮುಕ್ಕಾಲು ಮೂಟೆ ತಪ್ಪಿದಾಗ, ಯಾರೂ ಕೇಳದಿದ್ದರೂ ಟೀ ಅಂಗಡಿಯಲ್ಲಿ ಅದನ್ನು ಎರಡು ದಿನ ಹೇಳಿದ. ಅಕ್ಕನಿಗೆ ಫೋನು ಮಾಡಿ, "ಓದೋ ಹುಡ್ಗಿ, ಹಾಸ್ಟೆಲ್ಲಿಗೆ ಸೇರ್ಸಕ್ಕ" ಅಂದ. "ಏಂ ರಾ ತಮ್ಮಾ, ಮೇನಮಾಮ ನೀನಿರುವಾಗ ಹಾಸ್ಟೆಲ್ ಯಾಕೆ?" ಎಂದಳು ಅವಳು. ಸೋದರಮಾವನ ಸ್ಥಾನಕ್ಕೆ ಬೆಲೆ ಕೊಟ್ಟು ಅಕ್ಕ ಆಡಿದ ಆ ಮಾತೂ ಅವನಿಗೆ ಚುಚ್ಚಿತು.

ಹೋದ ವರ್ಷ ಇನ್ನೂ ಒಂದು ಕೆಲಸ ಮಾಡಿದ. ರಕ್ಷಾ ಹನ್ನೊಂದು ಮೂಟೆ ಎಂದಿದ್ದ ಮರವನ್ನು ಬಡಿಸುವಾಗ, ಹಿಂಬದಿಯ ಒಂದು ತುಂಬಿದ ಕೊಂಬೆಯನ್ನು ಬೇಕಂತಲೇ ಬಡಿಸದೆ ಬಿಟ್ಟ. ಜೇನು ಕಟ್ಟಿದೆ ಎಂದು ಆಳುಗಳಿಗೆ ಸುಳ್ಳು ಹೇಳಿದ. ಹತ್ತೇ ಮೂಟೆ ತೂಗಲಿ, ಮುದುಕನ ಮುಖ ನೋಡೋಣ ಎಂದು. ಕಾಲೇಜಿನಿಂದ ಬಂದ ರಕ್ಷಾ ಬ್ಯಾಗು ಇಳಿಸದೆ ಮರದ ಹತ್ತಿರ ಹೋಗಿ ಮೇಲೆ ನೋಡಿದಳು. "ಮಾವ, ಆ ಕೊಂಬೆ ಬಿಟ್ಟೋಗೈತೆ. ಒಂದು ಮೂಟೆ ಅದ್ರಾಗೇ ಐತೆ."

ಸಣ್ಣರಂಗಯ್ಯ ಗಳ ಹಿಡಿದು ತಾನೇ ಬಡಿದ. ಸರಿಯಾಗಿ ಒಂದು ಮೂಟೆ. ಆ ರಾತ್ರಿ ನರಸಮ್ಮ ಮುದ್ದೆ ಬಡಿಸುತ್ತಾ, "ಜೇನು ಏನಾಯ್ತು?" ಎಂದು ಮಾತ್ರ ಕೇಳಿದಳು.

ಒಂದು ಸಲ ರಕ್ಷಾಳೇ ಊಟದ ಹೊತ್ತಿನಲ್ಲಿ ಮಾತು ತೆಗೆದಳು. ಮನುಷ್ಯರಿಗೆ ಇಂಥದೇ ಕೆಲಸದ ಮೇಲೆ ಯಾಕೆ ಮನಸ್ಸು ಹೋಗುತ್ತದೆ ಎನ್ನುವುದರ ಬಗ್ಗೆ ಕಾಲೇಜಿನಲ್ಲಿ ಪಾಠವಾಗಿತ್ತಂತೆ. "ಒಂದಷ್ಟು ಹುಟ್ಟಿನಿಂದ ಬರ್ತದಂತೆ ತಾತ, ಒಂದಷ್ಟು ಬೆಳೆದ ಮನೆಯಿಂದ. ಯಾವುದು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ ಅಂತಾರೆ."

"ಪುಸ್ತಕ ಬರೆದೋರು ಮರ ನೋಡವ್ರಾ?" ಎಂದ ಮುದುಕ. "ನಿನ್ನನ್ನ ನೋಡಿದ್ರೆ ಸಾಕು. ನಾನೇನು ನಿಡುಗಲ್ಲಿಗೆ ಬಂದು ನಿನ್ನ ಸಾಕಿದ್ನಾ? ರಕ್ತ ಕಣಮ್ಮ, ರಕ್ತ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದೋನು ಇಗೋ ಇಲ್ಲಿ ಕೂತವ್ನೆ, ಏನು ಬಂತು?"

ರಕ್ಷಾ ತಟ್ಟೆ ನೋಡಿದಳು. ಸಣ್ಣರಂಗಯ್ಯ ನೀರು ಕುಡಿದ. ಸತ್ಯ ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಂದು ಮಾತು ಆಡಿದರೆ ಮುದುಕನ ಐವತ್ತು ವರ್ಷದ ಜಂಬ ನೆಲಕ್ಕೆ ಬೀಳುತ್ತದೆ. ಆಡಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿದ್ದ ಕೂಸು ತಡೆಯಿತೋ, ಅಕ್ಕನಿಗೆ ಕೊಟ್ಟ ಮಾತು ತಡೆಯಿತೋ, ಅವನಿಗೇ ಗೊತ್ತಿಲ್ಲ.

ಈ ವರ್ಷ ಮುದುಕನಿಗೆ ಎಂಬತ್ತು. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದ್ದರೂ ಎರಡೂ ಮಂಜು. ಮಗ ಯಾರು, ಕಂಬ ಯಾವುದು ಗೊತ್ತಾಗುತ್ತದೆ, ಕಾಯಿ ಕಾಣುವುದಿಲ್ಲ. ಬರಗೂರು ಕಡೆಯ ಕಾಡಸಿದ್ದಪ್ಪನದು ನಲವತ್ತು ಮರದ ತೋಪು, ಎಲ್ಲಕ್ಕಿಂತ ದೊಡ್ಡ ಗುತ್ತಿಗೆ. ಅಲ್ಲಿ ಯಾರು ಮರ ನೋಡಿ ಹೇಳುತ್ತಾರೋ, ಇನ್ನು ಮುಂದೆ ಮೂಡಲಗಿರಿಯಪ್ಪನ ಜಾಗ ಅವರದು ಎಂದು ಎಲ್ಲರಿಗೂ ಗೊತ್ತಿತ್ತು. ಸಣ್ಣರಂಗಯ್ಯನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆಯಿರಲಿಲ್ಲ. ಆದರೂ ವಯಸ್ಸಿಗೊಂದು ಮರ್ಯಾದೆ, ದುಡಿಮೆಗೊಂದು ಮರ್ಯಾದೆ ಇರುತ್ತದಲ್ಲ. ಹೆಸರಿಗಾದರೂ ತನ್ನನ್ನು ನಿಲ್ಲಿಸಿ, ಹುಡುಗಿ ಪಕ್ಕದಲ್ಲಿ ನಿಂತು ಹೇಳಲಿ. ಅಷ್ಟೇ ಅವನಾಸೆ. ಬಿಳಿ ಶರಟಿಗೆ ಇಸ್ತ್ರಿ ಹಾಕಿಸಿದ. ಆಳು ಕರೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿ, ಹುಟ್ಟಿದಾರಭ್ಯ ಮೊದಲ ಸಲ ಬೆಳಗಿನ ಆರೂವರೆಗೆ ಅಪ್ಪ ಮತ್ತು ರಕ್ಷಾಳ ಜೊತೆ ತೋಪಿಗೆ ಹೋದ.

ಕಾಡಸಿದ್ದಪ್ಪ ಬೈಕಿನ ಮೇಲೆ ಕೂತು ಕಾಯುತ್ತಿದ್ದ. "ಈ ಸಲ ಯಾರು ನೋಡೋದು ಮೂಡ್ಲಣ್ಣ?"

"ನಮ್ಮ ರಕ್ಷಾ. ಆಗ್ಲೇ ಆ ಮಗ್ಗುಲಿಗೆ ಹೋಗವ್ಳೆ" ಎಂದು ಮುದುಕ ಕಲ್ಲಿನ ಮೇಲೆ ಕೂತ. ಮಗ ಇನ್ನೂ ಪಕ್ಕದಲ್ಲೇ ನಿಂತಿರುವುದು ಆಮೇಲೆ ಗೊತ್ತಾಯಿತು. "ಲೇ ರಂಗ, ನೀನ್ಯಾಕೆ ಇಲ್ಲಿ ನಿಂತಿದ್ದೀಯ? ಕಣ್ಣಿಲ್ದೋರು ನಿಂತ್ರೆ ಕೂಸಿಗೆ ದೃಷ್ಟಿ ಕೆಡ್ತದೆ. ಹೋಗು, ಮೂಟೆ ತಗಂಬಾ."

ಕಾಡಸಿದ್ದಪ್ಪ ಮುಖ ಆಚೆ ತಿರುಗಿಸಿ ನಕ್ಕದ್ದು ಕಂಡಿತು. ಸಣ್ಣರಂಗಯ್ಯನ ಮೈಯೆಲ್ಲ ಉರಿದುಹೋಯಿತು.

"ಯಾವ ಕೂಸಪ್ಪ ಅದು?" ಎಂದ. "ಯಾರ್ ಕೂಸು? ನಿನ್ನ ರಕ್ತ ನಿನ್ನ ರಕ್ತ ಅಂತ ಹೆಗಲ ಮೇಲೆ ಹೊತ್ಕೊಂಡು ತಿರುಗಿದ್ಯಲ್ಲ, ಅವಳ ಮೈಯಾಗೆ ನಿನ್ನ ರಕ್ತ ಒಂದು ಹನಿ ಇಲ್ಲ. ಅಕ್ಕ ಅವಳನ್ನ ತುಮಕೂರಿಂದ ತಂದ್ಲು. ಬಸ್ಸಿನಾಗೆ ಎತ್ಕೊಂಡು ಬಂದೋನು ನಾನು."

ಮುದುಕ ಅವನ ದನಿ ಬಂದ ಕಡೆಗೆ ಮುಖ ಮಾಡಿದ. "ಸುಳ್ಳು ಹೇಳ್ಬ್ಯಾಡ ಕಣ್ಲಾ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಐತೆ. ಎಂಟು ವರ್ಷಕ್ಕೇ ಒಂಬತ್ತೂವರೆ ಅಂದವಳು ಅವಳು."

"ಕಿವಿಯಾಗೆ ಹೇಳ್ಕೊಟ್ಟೋನು ನಾನು."

ಹೇಳಿದ ತಕ್ಷಣವೇ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸಿತು. ರಕ್ಷಾ ಮರದ ಆ ಮಗ್ಗುಲಿಂದ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆಂದು ಮುಖವೇ ಹೇಳುತ್ತಿತ್ತು. ಮುದುಕ ಅವಳತ್ತ ಕೈ ಚಾಚಿದ. "ಏನಮ್ಮ ಇದು?"

"ನಿಜ ತಾತ. ಅಮ್ಮ ನಂಗೆ ಯಾವಾಗ್ಲೋ ಹೇಳವ್ಳೆ. ಮಾವ ಕಿವಿಯಾಗೆ ಹೇಳಿದ್ದೂ ನೆನಪೈತೆ." ಅವಳು ಆ ಕೈ ಹಿಡಿದುಕೊಂಡಳು. ಆಮೇಲೆ ಸಣ್ಣರಂಗಯ್ಯನ ಕಡೆ ನೋಡಿದಳು. "ಇವತ್ತು ಇಲ್ಲಿ, ಇವ್ರ ಎದುರಿಗೆ ಹೇಳ್ಬೇಕಾಗಿತ್ತಾ ಮಾವ?"

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಡಸಿದ್ದಪ್ಪ ಬೈಕಿನಿಂದಿಳಿದು, ಯಾವುದೋ ಫೋನು ಬಂದವನ ಹಾಗೆ ದೂರ ಹೋದ.

ಮುದುಕ ಮೊಮ್ಮಗಳ ಕೈ ಬಿಡಲಿಲ್ಲ. ಬೈಯುತ್ತಾನೆ ಎಂದು ಸಣ್ಣರಂಗಯ್ಯ ಕಾಯುತ್ತಿದ್ದ. ಮುದುಕನ ಬಾಯಿಂದ ಬಂದದ್ದು ಬೇರೆ.

"ರಕ್ತ ಅಲ್ದಿದ್ರೆ ಇವಳಿಗೆ ಹೆಂಗೆ ಬಂತು?"

"ನಾನು ಹೇಳ್ಕೊಟ್ಟೆ" ಎಂದ ತನಗೆ ತಾನೇ. "ಇವಳು ಕೇಳಿದ್ಲು, ನಾನು ಹೇಳ್ದೆ. ಹನ್ನೆರಡು ವರ್ಷ ಹೇಳ್ದೆ." ಮಗ ನಿಂತ ಕಡೆ ತಿರುಗಿದ. ಆಮೇಲೆ, "ರಂಗ, ನಿಂಗೆ ನಾನು ಏನ್ಲಾ ಹೇಳ್ಕೊಟ್ಟೆ?"

"ಏನೂ ಇಲ್ಲಪ್ಪ."

"ಒಂದಿನಾನೂ?"

"ಒಂದಿನಾನೂ ಇಲ್ಲ. ಮೂಟೆ ತರಕ್ಕೆ ಕಳುಸ್ತಿದ್ದೆ."

"ಅಂಗಾದ್ರೆ ನಿಂಗೂ ಬರ್ತಿತ್ತು" ಎಂದ ಮುದುಕ. "ಚೇತನ್ನಿಗೂ ಬರ್ತಿತ್ತು. ನಾನೇ ಕೊಡ್ಲಿಲ್ಲ." ರಕ್ಷಾಳ ಕೈಯನ್ನು ಮೆಲ್ಲಗೆ ಅಲ್ಲಾಡಿಸಿದ. "ಕೂಸೇ, ನಂಗೀಗ ಕಾಣಲ್ಲ. ನಿಮ್ಮ ಮಾವಂಗೆ ತೋರ್ಸಮ್ಮ."

ರಕ್ಷಾ ಒಂದು ಗಳಿಗೆ ನಿಂತಲ್ಲೇ ನಿಂತಳು. ಅವಳಿಗೆ ಮನಸ್ಸಿರಲಿಲ್ಲ, ಅದು ಸಣ್ಣರಂಗಯ್ಯನಿಗೆ ಕಂಡಿತು, ಅದು ಸರಿಯೆಂದೂ ಅನ್ನಿಸಿತು. ಆಮೇಲೆ "ಬನ್ನಿ ಮಾವ" ಎಂದು ಮುಂದೆ ನಡೆದಳು. ಮರದ ಪಡುವಣ ಮಗ್ಗುಲಿಗೆ ಕರೆದೊಯ್ದು ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಿಸಿದಳು.

"ಸೂರ್ಯ ಮರದ ಹಿಂದಿರ್ಬೇಕು. ಈಗ ನೋಡಿ."

ಅವನು ನೋಡಿದ. ಎಳೆ ಬಿಸಿಲು ಹುಣಸೆಯ ಸಣ್ಣ ಎಲೆಗಳೊಳಗಿಂದ ಹಾದು ಬರುತ್ತಿತ್ತು. ಎಲೆಯೆಲ್ಲ ತೆಳ್ಳಗೆ ಬೆಳಗಿ, ಇದ್ದೂ ಇಲ್ಲದಂತಾಗಿತ್ತು. ನಡುವೆ ಕಾಯಿಗಳು ಮಾತ್ರ ಕರ್ರಗೆ, ಒಂದೊಂದೂ ಬೇರೆ ಬೇರೆಯಾಗಿ ತೂಗುತ್ತಿದ್ದವು. ನಲವತ್ತನಾಲ್ಕು ವರ್ಷ ಅವನು ಹುಣಸೆ ಮರಗಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದ್ದ. ಆ ಹೊತ್ತಿಗೆ ಎಲೆ, ಕಾಯಿ ಎಲ್ಲ ಒಂದೇ ಮುದ್ದೆ.

"ಇಡೀ ಮರ ನೋಡ್ಬ್ಯಾಡಿ" ಎಂದಳು ರಕ್ಷಾ. "ಕಣ್ಣಿಗೆ ಹಿಡಿಸೋ ಒಂದು ಕೊಂಬೆ ತಗಳ್ಳಿ. ಅದ್ರಾಗೆ ಎಷ್ಟೈತೆ ಎಣಿಸಿ. ಅಂಥ ಕೊಂಬೆ ಎಷ್ಟಾವೆ ನೋಡಿ. ನೆತ್ತೀದು ಕಮ್ಮಿ ಕಾಣ್ತದೆ, ಅದಕ್ಕೆ ಇನ್ನೊಂದಷ್ಟು ಸೇರ್ಸಿ."

"ಇಷ್ಟೇನಾ?"

"ಇಷ್ಟೇ ಮಾವ. ಉಳಿದಿದ್ದು ನೋಡ್ತಾ ನೋಡ್ತಾ ಬರ್ತದೆ."

ಇಷ್ಟೇ. ಎಂಟು ವರ್ಷದ ಹುಡುಗನಿಗೆ ಒಂದು ಬೆಳಗ್ಗೆ ಹೇಳಿ ಮುಗಿಸಬಹುದಾಗಿದ್ದಷ್ಟು. ಈ ಹುಡುಗಿಯ ಮೇಲೆ ಉರಿದುಕೊಂಡ ಮೂರು ವರ್ಷ, ಮಗನ ಅಳು, ತಾನು ಹೊಲಿದ ಮೂಟೆಗಳು ಎಲ್ಲ ಒಟ್ಟಿಗೆ ಎದೆಗೆ ಬಂದು ಸಣ್ಣರಂಗಯ್ಯನಿಗೆ ಜೋರಾಗಿ ಕಿರುಚಬೇಕು ಅನ್ನಿಸಿತು. ತಿರುಗಿ ನೋಡಿದರೆ ಅಪ್ಪ ಕಲ್ಲಿನ ಮೇಲೆ ಬೆನ್ನು ಬಾಗಿಸಿ, ಕಾಣದ ಕಣ್ಣನ್ನು ಇವರಿದ್ದ ದಿಕ್ಕಿಗೇ ನೆಟ್ಟು ಕೂತಿದ್ದ. ಕಿರುಚಲಿಲ್ಲ. ಮತ್ತೆ ಮರದ ಕಡೆ ತಿರುಗಿ ಒಂದು ಕೊಂಬೆ ಆರಿಸಿಕೊಂಡ.

"ರಂಗ" ಎಂದು ಕೂಗಿದ ಅಪ್ಪ. ಆ ಒಂದು ಸಂಕ್ರಾಂತಿ ಬಿಟ್ಟರೆ ಜೀವಮಾನದಲ್ಲಿ ಕೇಳದಿದ್ದ ಮಾತನ್ನು ಕೇಳಿದ. "ಎಷ್ಟು ಕಾಣ್ತದ್ಲಾ?"

"ತಡಿಯಪ್ಪ" ಎಂದ ಸಣ್ಣರಂಗಯ್ಯ, ಮರದಿಂದ ಕಣ್ಣು ಕೀಳದೆ. "ಇನ್ನೂ ಎಣಿಸ್ತಾ ಇದೀನಿ."

ಕಾಡಸಿದ್ದಪ್ಪ ದೂರದಲ್ಲಿ ಗಡಿಯಾರ ನೋಡಿಕೊಂಡ. ಅಪ್ಪ ಕಾಯುತ್ತ ಕೂತ.